ಅಂಬಲಿ ಗಡಿಗೆಯ ಅಳತೆ

ನಮ್ಮ ಮನೆಯ ಎರಡನೆಯ ಕಾರನ್ನು ಆರಿಸಿದ್ದು ಒಂದು ಮಣ್ಣಿನ ಗಡಿಗೆ. ತಮಾಷೆಗೆ ಹೇಳುತ್ತಿಲ್ಲ. ಮನೆಯಲ್ಲಿ ಕಾರು ಓಡಿಸಲು ಬರುತ್ತಿದ್ದುದು ನಮ್ಮವ್ವ ಒಬ್ಬಳಿಗೇ. ದಿನಾಲು ಬೀದರಿನಿಂದ ಔರಾದಿಗೆ ಹೋಗಿ ಬರುತ್ತಿದ್ದವಳೂ ಅವಳೇ. ಹಳೆಯ ಕಾರಿನ ಕೈಕಾಲು ಸೋತವು, ಹೊಸದು ತರಬೇಕು ಎಂದು ಮಾತು ಎದ್ದಾಗ ಮುತ್ಯಾ ತನ್ನ ಅಭಿಪ್ರಾಯ ಹೇಳಿದ, ಕಾಕಾ ತನ್ನದು ಹೇಳಿದ, ಅಪ್ಪ ಇಬ್ಬರಿಗೂ ಹೂಂ ಅಂದ. ಕೊನೆಗೆ ವರ್ಷಕ್ಕೊಮ್ಮೆ ಅಟ್ಟದಿಂದ ಕೆಳಗಿಳಿಯುವ ಗಡಿಗೆಯನ್ನೂ ಕೇಳಿದರು. ಅವ್ವನನ್ನು ಮಾತ್ರ ಕೇಳಲಿಲ್ಲ. ಆಗ ನನಗೆ ಹನ್ನೆರಡು ವರ್ಷ. ಈಗ ನಲವತ್ತು ದಾಟಿದೆ, ತಲೆಗೆ ಬಣ್ಣ ಹಚ್ಚುತ್ತೇನೆ, ಬಿಪಿ ಗುಳಿಗೆ ನುಂಗುತ್ತೇನೆ. ಆ ಸಿಟ್ಟು ಮಾತ್ರ ಹಾಗೆಯೇ ಇದೆ, ಒಂದು ಗುಂಜಿಯಷ್ಟೂ ಕಡಿಮೆಯಾಗಿಲ್ಲ. ವಯಸ್ಸಾದ ಮೇಲೆ ಎಲ್ಲ ಮರೆತು ಕ್ಷಮಿಸಬೇಕು ಎಂದು ಹೇಳುವವರು ಬಹಳ ಜನ ಸಿಕ್ಕಿದ್ದಾರೆ. ಅವರ್ಯಾರ ಮನೆಯಲ್ಲೂ ಗಡಿಗೆ ಕಾರು ಆರಿಸಿರಲಿಲ್ಲ.

ಬೀದರಿನ ಹಳೆಯ ಊರಿನೊಳಗೆ, ಕೆಂಪು ಕಲ್ಲಿನ ದಪ್ಪ ಗೋಡೆಗಳ ಮನೆ ನಮ್ಮದು. ಬಾಗಿಲು ದಾಟಿದರೆ ಅಂಗಳ, ಅಲ್ಲಿ ಬೇವಿನ ಗಿಡದ ಕೆಳಗೆ ಕಾರು. ಮೂರು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಹಿಂದೆ ನಡುಮನೆ, ಅದರ ಪಕ್ಕ ಅಡುಗೆಮನೆ. ಪಡಸಾಲೆಗೂ ಅಡುಗೆಮನೆಗೂ ನಡುವಿನ ಗೋಡೆಯಲ್ಲಿ ಒಂದು ಕಿಂಡಿ ಇತ್ತು, ಒಂದು ತಾಟು ಅಡ್ಡಡ್ಡ ಹಿಡಿಸುವಷ್ಟು. ಬಿಸಿ ರೊಟ್ಟಿ ಆ ಕಿಂಡಿಯಿಂದ ಗಂಡಸರ ಕಡೆ ಹೋಗುತ್ತಿತ್ತು, ಖಾಲಿ ತಾಟು ಹೆಂಗಸರ ಕಡೆ ಬರುತ್ತಿತ್ತು. ಮಾತು ಕೂಡ ಒಂದೇ ದಿಕ್ಕಿಗೆ. ಪಡಸಾಲೆಯ ಮಾತೆಲ್ಲ ಅಡುಗೆಮನೆಗೆ ಕೇಳಿಸುತ್ತಿತ್ತು. ಅಡುಗೆಮನೆಯಿಂದ ಆ ಕಡೆ ಹೋಗುತ್ತಿದ್ದುದು ‘ಇನ್ನೊಂದು ರೊಟ್ಟಿ ಹಾಕಲೇನ್ರಿ’ ಅನ್ನುವುದೊಂದೇ. ಮುತ್ಯಾ, ಅಂದರೆ ಅಪ್ಪನ ಅಪ್ಪ, ಚಿಂತಾಕಿಯ ಹೊಲಮನೆ ನೋಡಿಕೊಂಡಿದ್ದವನು. ಅಪ್ಪನಿಗೆ ಬೀದರಿನ ಕೋರ್ಟಿನಲ್ಲಿ ಗುಮಾಸ್ತಿಕೆ ಸಿಕ್ಕ ಮೇಲೆ ಇಲ್ಲಿಗೆ ಬಂದಿದ್ದ. ಊರು ಬಿಟ್ಟರೂ ರುಮಾಲು ಬಿಟ್ಟಿರಲಿಲ್ಲ, ಯಜಮಾನಿಕೆಯನ್ನಂತೂ ಒಂದೆಳೆಯೂ ಬಿಟ್ಟಿರಲಿಲ್ಲ. ಅಪ್ಪನ ತಮ್ಮ ಕಾಶಿನಾಥ ಕಾಕಾ ಕೊಳಾರದ ಕಡೆ ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದ. ಅವನಿಗೆ ಮೋಟರ್ ಸೈಕಲ್ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಅಪ್ಪ ಒಂದೇ ಒಂದು ಸಲ ಸ್ಟೇರಿಂಗ್ ಹಿಡಿದು ನಮ್ಮ ಬಾಗಿಲಿನ ಕಂಬಕ್ಕೇ ಗುದ್ದಿದ್ದ. ಆ ಕಂಬದ ಮುಕ್ಕು ಈಗಲೂ ಹಾಗೇ ಇದೆ. ಆಮೇಲೆ ಅವನು ಹಿಂದಿನ ಸೀಟಿನಲ್ಲಿ ಕೂತು ಪೇಪರ್ ಓದುವುದನ್ನು ಕಲಿತ.

ಹಳೆಯ ಕಾರು ನಿಜವಾಗಿ ನಮ್ಮ ಮನೆಯದಲ್ಲ, ಭಾಲ್ಕಿಯದು. ಅವ್ವನ ತವರು ಭಾಲ್ಕಿ. ಅಲ್ಲಿ ಮನೆಯೊಳಗೆ ಮರಾಠಿ, ಹೊಸ್ತಿಲು ದಾಟಿದರೆ ಕನ್ನಡ. ಭಾಲ್ಕಿಯ ಅಜ್ಜ ಸರ್ಕಾರಿ ಜೀಪು ಓಡಿಸುತ್ತಿದ್ದವರು. ಗಂಡುಮಕ್ಕಳು ಇಬ್ಬರಿದ್ದರೂ ಹಠ ಹಿಡಿದು ಕಲಿತದ್ದು ಮಗಳು. ರೈಲ್ವೆ ಸ್ಟೇಷನ್ನಿನ ಹಿಂದಿನ ಬಯಲಿನಲ್ಲಿ ಇಟ್ಟಿಗೆಗಳನ್ನು ಸಾಲಾಗಿ ಇಟ್ಟು, ಅವುಗಳ ನಡುವೆ ರಿವರ್ಸ್ ಬರಲು ಕಲಿಸಿದ್ದರಂತೆ. ಅವರ ಕಣ್ಣು ಮಂದವಾದ ಮೇಲೆ ತಮ್ಮ ಬಿಳಿ ಕಾರನ್ನು ಮಗಳಿಗೆ ಕೊಟ್ಟರು. ನನಗೆ ತಿಳುವಳಿಕೆ ಬರುವ ಹೊತ್ತಿಗೆ ಆ ಬಿಳಿ ಹಳದಿಗೆ ತಿರುಗಿತ್ತು. ಅವ್ವ ಗಿಡ್ಡ. ಸೀಟಿನ ಮೇಲೆ ಆಯಿ ಹೊಲಿದ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಕಿಕೊಂಡರೆ ಮಾತ್ರ ಅವಳಿಗೆ ಮುಂದಿನ ರಸ್ತೆ ಕಾಣುತ್ತಿತ್ತು. ಆಯಿ ಅಂದರೆ ಅಪ್ಪನ ಅವ್ವ, ಮುತ್ಯಾನ ಹೆಂಡತಿ. ಚಳಿಗಾಲದ ಬೆಳಿಗ್ಗೆ ಸೆಲ್ಫ್ ಹಿಡಿಯುತ್ತಿರಲಿಲ್ಲ. ನಾನು, ಅಪ್ಪ, ಪಕ್ಕದ ಮನೆಯವರು ಸೇರಿ ಓಣಿಯ ಇಳಿಜಾರಿನ ತನಕ ತಳ್ಳುತ್ತಿದ್ದೆವು. ಕಾರು ಕೆಮ್ಮಿ ಎದ್ದ ಕೂಡಲೇ ಅವ್ವ ಕಿಟಕಿಯಿಂದ ಕೈ ಬೀಸಿ ಹೋಗಿಬಿಡುತ್ತಿದ್ದಳು, ನಿಲ್ಲಿಸಿದರೆ ಮತ್ತೆ ಆರುತ್ತದೆಂಬ ಹೆದರಿಕೆಗೆ.

ಆ ವರ್ಷ ಅವ್ವ ಔರಾದಿನ ಶಾಲೆಗೆ ಹೆಡ್‌ಮಾಸ್ತರಳಾಗಿದ್ದಳು. ಮನೆಯಲ್ಲಿ ಯಾರೂ ಪೇಢೆ ಹಂಚಲಿಲ್ಲ, ಅದು ಬೇರೆ ಮಾತು. ಹೆಡ್‌ಮಾಸ್ತರು ಎಲ್ಲರಿಗಿಂತ ಮೊದಲು ಶಾಲೆಯಲ್ಲಿರಬೇಕು, ಪ್ರಾರ್ಥನೆಗೆ ನಿಲ್ಲಬೇಕು. ಕಾರು ಜನವಾಡದ ಹತ್ತಿರ ಎರಡು ಸಲ ಕೈಕೊಟ್ಟಿತು. ಎರಡನೆಯ ಸಲ ಮೇಲಿನ ಸಾಹೇಬರು ಶಾಲೆ ನೋಡಲು ಬಂದಿದ್ದರು. ಅವ್ವ ಬಾನೆಟ್ಟು ಎತ್ತಿಕೊಂಡು ರಸ್ತೆಯಲ್ಲಿ ನಿಂತಿದ್ದಾಗ ಅವರು ಅವಳ ಕುರ್ಚಿಯಲ್ಲಿ ಕೂತು ನೋಟಿಸು ಬರೆದರು. ಇನ್ನೊಮ್ಮೆ ಹೀಗಾದರೆ ಹೆಡ್‌ಮಾಸ್ತರಿಕೆ ತೆಗೆದು ಬೇರೆಯವರಿಗೆ ಕೊಡುತ್ತೇವೆ ಎಂದು ಅದರಲ್ಲಿತ್ತು. ಅವ್ವ ಆ ಕಾಗದವನ್ನು ಅಕ್ಕಿ ಡಬ್ಬಿಯ ಕೆಳಗೆ ಮಡಚಿಟ್ಟಳು. ಅಂದು ಸಂಜೆ ರೊಟ್ಟಿ ಬಡಿಯುವ ಸಪ್ಪಳ ಪಕ್ಕದ ಓಣಿಗೂ ಕೇಳಿಸಿರಬೇಕು. ಊಟದ ಹೊತ್ತಿಗೆ ಅಪ್ಪ ಕಿಂಡಿಯ ಹತ್ತಿರ ಮುಖ ತಂದು, ಪಡಸಾಲೆಗೆ ಕೇಳಿಸದ ದನಿಯಲ್ಲಿ ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ. ನಾನು ಅವ್ವನ ಪಕ್ಕದಲ್ಲೇ ಹಿಟ್ಟು ನಾದುತ್ತಿದ್ದೆ.

“ಚಿಂತಿ ಮಾಡಬ್ಯಾಡ. ಹೊಸಾ ಕಾರ್ ತರೂನು. ಓಡ್ಸಾಕಿ ನೀನು, ನೀ ಹೇಳಿದ್ದೇ ತರೂನು.”

ಆ ಮಾತನ್ನು ನಂಬಿ ಅವ್ವ ಮುಂದಿನ ಶನಿವಾರ ಬೆಳಗಿನ ಶಾಲೆ ಮುಗಿಸಿ, ನನ್ನನ್ನೂ ಕರೆದುಕೊಂಡು ಊರ ಹೊರಗೆ ಆಗಷ್ಟೇ ತೆರೆದಿದ್ದ ಶೋರೂಮಿಗೆ ಹೋದಳು. ಒಳಗೆ ಎರಡು ಕಾರುಗಳಿದ್ದವು. ಒಂದು ಉದ್ದ ಬೆನ್ನಿನ ಬೂದು ಬಣ್ಣದ ವ್ಯಾಗನ್, ಹಿಂಬದಿ ಅಂಬುಲೆನ್ಸಿನ ಹಾಗೆ. ಇನ್ನೊಂದು ದಾಳಿಂಬೆ ಬಣ್ಣದ ಸೆಡಾನ್. ಮೂಗು ತಗ್ಗು, ಡಿಕ್ಕಿ ಎತ್ತರ, ನಿಂತಲ್ಲೇ ಓಡುತ್ತಿರುವಂತೆ ಕಾಣುತ್ತಿತ್ತು. ಸ್ಪೋರ್ಟ್ಸ್ ಮಾಡೆಲ್ ಎಂದು ಅಲ್ಲಿನ ಸೇಲ್ಸ್‌ಮನ್ ಹೇಳಿದ. ಅವ್ವನ ಹಿಂದೆ ಯಾರಾದರೂ ಬರುತ್ತಿದ್ದಾರೇನೋ ಎಂದು ಬಾಗಿಲ ಕಡೆ ನೋಡುತ್ತಲೇ ಹೇಳಿದ.

“ಸಾಹೇಬ್ರು ಬರ್ಲಿಕತ್ತಾರೇನ್ರಿ ಮೇಡಂ?”

“ಸಾಹೇಬ್ರಿಗಿ ಓಡ್ಸಾಕ ಬರಲ್ಲರಿ. ಚಾವಿ ಕೊಡ್ರಿ.”

ಸೇಲ್ಸ್‌ಮನ್ ಪಕ್ಕದ ಸೀಟಿನಲ್ಲಿ ಬಾಗಿಲ ಹಿಡಿಕೆ ಹಿಡಿದುಕೊಂಡು ಕೂತ. ನಾನು ಹಿಂದೆ. ಅವ್ವ ಅಭ್ಯಾಸಬಲದಿಂದ ಕೌದಿಯನ್ನು ಬಗಲಲ್ಲಿ ತಂದಿದ್ದಳು. ಸೀಟಿನ ಪಕ್ಕದ ಲಿವರ್ ಎಳೆದರೆ ಸೀಟೇ ಮೇಲೇಳುತ್ತದೆ ಎಂದು ಅವನು ತೋರಿಸಿದ. ಅವ್ವ ಎಳೆದಳು, ಎಳೆದಳು, ಅವಳ ಗದ್ದ ಸ್ಟೇರಿಂಗಿನ ಮೇಲೆ ಬಂತು. ತಿರುಗಿ ಕೌದಿಯನ್ನು ನನ್ನ ಕಡೆ ಎಸೆದಳು.

“ಸುಮ್ಮಿ, ಇದು ಬೇಕಾಗಿಲ್ಲ ನೋಡು!”

ಔರಾದ ರಸ್ತೆಗೆ ಬಂದ ಮೇಲೆ ಅವಳು ಗೇರು ಬದಲಿಸಿದ ರೀತಿಯನ್ನು ಹೇಗೆ ಹೇಳಲಿ? ಹಳೆಯ ಕಾರಿನಲ್ಲಿ ಗೇರು ಹಾಕುವುದೆಂದರೆ ಮೊಣಕೈ ತನಕ ಜಗಳ. ಇಲ್ಲಿ ಎರಡು ಬೆರಳು ಸಾಕಾದವು. ಎರಡೂ ಕಡೆ ತೊಗರಿ ಹೊಲ, ರಸ್ತೆ ಖಾಲಿ. ಜನವಾಡ ಬರುವ ಮೊದಲು ಒಂದು ಉದ್ದನೆಯ ಏರು ಬರುತ್ತದೆ. ನಮ್ಮ ಹಳೆಯ ಕಾರು ಅದನ್ನು ಗೊಣಗುತ್ತ, ಉಸಿರು ಬಿಡುತ್ತ ಹತ್ತುತ್ತಿತ್ತು. ಈ ಕಾರು ಏರನ್ನು ಲೆಕ್ಕಕ್ಕೇ ಇಡಲಿಲ್ಲ. ಅವ್ವ ನಕ್ಕಳು. ನಾನು ಅವಳ ಮುಖವನ್ನು ಮೇಲಿನ ಕನ್ನಡಿಯಲ್ಲಿ ನೋಡುತ್ತಿದ್ದೆ. ಅಡುಗೆಮನೆಯಲ್ಲಿ ಸೆರಗು ಬಾಯಿಗೆ ಒತ್ತಿ ನಗುವ ಅವ್ವ ಅಲ್ಲ ಅದು. ಹಲ್ಲು ಕಾಣುವ ಹಾಗೆ, ದನಿ ತೆಗೆದು, ಯಾರಿಗೂ ತೋರಿಸಲಿಕ್ಕಲ್ಲದ ನಗು. ಈಕೆಗೆ ನಮ್ಮನ್ನು ಬಿಟ್ಟು ಬೇರೆ ಸುಖವೂ ಇದೆ ಎಂದು ನನಗೆ ಮೊದಲು ತಿಳಿದದ್ದು ಅವತ್ತು. ತಿಳಿದು ಹೆದರಿಕೆಯಾಯಿತು, ಆಸೆಯೂ ಆಯಿತು. ದೊಡ್ಡವಳಾದ ಮೇಲೆ ಹೀಗೇ ಓಡಿಸಬೇಕು ಎಂದುಕೊಂಡೆ. ಸೇಲ್ಸ್‌ಮನ್ ‘ಸಾವಕಾಶ ಮೇಡಂ, ಸಾವಕಾಶ’ ಅನ್ನುತ್ತಲೇ ಇದ್ದ.

ಇನ್ನು ಗಡಿಗೆಯ ವಿಷಯ. ಎಳ್ಳಮಾವಾಸ್ಯೆಗೆ ನಮ್ಮ ಕಡೆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಕಾಳು ಸೊಪ್ಪಿನ ಭಜ್ಜಿ, ಸಜ್ಜೆಯ ಕಡುಬು, ಅಂಬಲಿ ಎಲ್ಲ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಗೆ ಚರಗವೆಂದು ಒಂದಿಷ್ಟು ಎಡೆ ಚೆಲ್ಲಿ, ಅಲ್ಲೇ ಕೂತು ಉಣ್ಣಬೇಕು. ನಮ್ಮ ಮನೆಯ ಅಂಬಲಿ ಗಡಿಗೆ ಮುತ್ಯಾನ ಅವ್ವನ ಕಾಲದ್ದು. ಹೊಟ್ಟೆ ದೊಡ್ಡದು, ಕುತ್ತಿಗೆ ಉದ್ದ. ಮನೆಯಿಂದ ಎತ್ತಿದ ಮೇಲೆ ಹೊಲ ಮುಟ್ಟುವ ತನಕ ಅದು ನೆಲಕ್ಕೆ ತಾಗಬಾರದೆಂದು ಮುತ್ಯಾನ ಕಟ್ಟಳೆ. ಹಾಗಾಗಿ ಪ್ರತಿವರ್ಷ ಅದನ್ನು ಕಂಬಳಿಯಲ್ಲಿ ಸುತ್ತಿ ಆಯಿ ತೊಡೆಯ ಮೇಲೆ ಇಟ್ಟುಕೊಂಡು ಚಿಂತಾಕಿಯ ತನಕ ಕೂರುತ್ತಿದ್ದಳು. ಆ ವರ್ಷ ಆಯಿಗೆ ಮೊಣಕಾಲು ನೋವು ಹೆಚ್ಚಾಗಿತ್ತು. ಇನ್ನು ಮುಂದೆ ತನ್ನಿಂದ ಆಗುವುದಿಲ್ಲವೆಂದು ಅವಳು ಒಂದು ಮಾತು ಅಂದಳು, ಅಷ್ಟೆ. ಅವಳ ತಪ್ಪಲ್ಲ. ಆ ಒಂದು ಮಾತನ್ನು ಪಡಸಾಲೆಯ ಮಂದಿ ಎತ್ತಿಕೊಂಡು ಹೊಸ ಕಾರಿನ ತಲೆಯ ಮೇಲೆ ಇಟ್ಟರು.

ಆ ಶನಿವಾರ ರಾತ್ರಿಯೇ ಜಮಖಾನ ಹಾಸಿ ಮೂವರೂ ಕೂತರು. ವರ್ಷಕ್ಕೆ ಒಂದು ದಿನದ ಗಡಿಗೆಯ ಬಗ್ಗೆ ಒಂದು ತಾಸು ಮಾತಾಡಿದರು. ಗಡಿಗೆಯನ್ನು ಕಾರಿನ ಹಿಂಭಾಗದಲ್ಲಿ ಇಟ್ಟರೆ ನೆಲಕ್ಕೆ ತಾಗಿದಂತೆ ಆಗುತ್ತದೋ ಇಲ್ಲವೋ ಎಂಬುದು ಮೊದಲ ಪ್ರಶ್ನೆ.

“ಗಾಲಿ ಮ್ಯಾಲ ಅದ ಅಂದ್ರ ಅದು ನೆಲ ಹ್ಯಾಂಗ ಆಗ್ತದ? ನಡೀತದ,” ಅಂದ ಮುತ್ಯಾ.

“ಹಂಗಾದ್ರ ಗಡಿಗಿ ಹಿಡಸೂ ಕಾರೇ ತರಬೇಕಲ್ಲ,” ಅಂದ ಕಾಕಾ. “ಆ ಬೂದಿ ಬಣ್ಣದ್ದು ಅದ ನೋಡ್ರಿ, ಅದರ ಹಿಂದ ಜಾಗಾ ಭಾಳ ಅದ.”

ಅಪ್ಪ ಕಿಂಡಿಯ ಕಡೆ ನೋಡಿದ. ಕಿಂಡಿಯ ಈ ಕಡೆ ಅವ್ವ ಲಟ್ಟಣಿಗೆ ಹಿಡಿದು ನಿಂತಿದ್ದಳು. ಆ ಕ್ಷಣ ಅವನು ಬಾಯಿ ತೆರೆಯುತ್ತಾನೆ ಎಂದು ನಾವಿಬ್ಬರೂ ಕಾದೆವು. ಅಪ್ಪ ಗಂಟಲು ಸರಿಮಾಡಿಕೊಂಡು ಪುಂಡಿ ಪಲ್ಯ ಇನ್ನೊಂದಿಷ್ಟು ಬೇಕು ಅಂದ. ಆಗ ಅವ್ವ ತಾನೇ ಮಾತಾಡಿದಳು. ಪಲ್ಯದ ಬಟ್ಟಲನ್ನು ಕಿಂಡಿಯಲ್ಲಿ ಇಟ್ಟು, ಕೈ ಹಿಂದೆ ತೆಗೆಯದೆ ಮಾತಾಡಿದಳು.

“ಮಾವಾರಿ, ದಿನಾ ಓಡ್ಸಾಕಿ ನಾನು. ಕೆಂಪ ಕಾರ್ ನನಗ ಕೈಗಿ ಕೂಡ್ತದರಿ. ಅದನ್ನೇ ತರ್ರಿ.”

ಮುತ್ಯಾ ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಅವನು ಕೂಗುವವನಲ್ಲ. ಕೂಗಿದ್ದರೆ ಎದುರು ಕೂಗಬಹುದಿತ್ತು.

“ಹಿಡಿಸಿದ್ರ ತರೂನವ್ವ. ಗಡಿಗಿ ಹಿಡಿಸಿದ್ರ ಕೆಂಪಂದೇ ತರೂನು. ಅಳತಿ ಮಾಡಿ ನೋಡೂನು.”

ನ್ಯಾಯ ಹೇಗಿದೆ ನೋಡಿ. ಔರಾದಿನ ರಸ್ತೆಗೆ ಅಳತೆ ಇಲ್ಲ, ಪ್ರಾರ್ಥನೆಯ ಗಂಟೆಗೆ ಅಳತೆ ಇಲ್ಲ, ಅವ್ವನ ಗಿಡ್ಡ ಕಾಲಿಗೆ ಅಳತೆ ಇಲ್ಲ, ಗಡಿಗೆಗೆ ಮಾತ್ರ ಅಳತೆ. ಮುತ್ಯಾ ಅಟ್ಟದಿಂದ ಗಡಿಗೆ ಇಳಿಸಿದ. ಹೊಲಕ್ಕಲ್ಲದೆ ಬೇರೆಡೆಗೆ ಅದನ್ನು ಒಯ್ಯುವಂತಿರಲಿಲ್ಲ, ಅಳತೆಯನ್ನು ಮಾತ್ರ ಒಯ್ಯಬೇಕು. ಚಿಂತಾಕಿಯಲ್ಲಿ ಕುರಿ ಸಾಕುವ ನಮ್ಮ ಸಂಬಂಧಿಕರು ಕೊಟ್ಟಿದ್ದ ಕಪ್ಪು ಉಣ್ಣೆಯ ಹುರಿಯೊಂದು ಅವನ ಹತ್ತಿರ ಯಾವಾಗಲೂ ಇರುತ್ತಿತ್ತು. ಹೊಲದ ಬದುವಿನಿಂದ ಹಿಡಿದು ಮಂಚದ ತನಕ ಏನನ್ನು ಅಳೆಯುವುದಿದ್ದರೂ ಅದೇ. ಟೇಪು ಇರಲಿಲ್ಲವೆಂದಲ್ಲ, ಕಾಕಾನ ಗೋದಾಮಿನಲ್ಲಿ ಹತ್ತಾರು ಇದ್ದವು. ಹಿರಿಯನ ಹುರಿಯ ಮುಂದೆ ಟೇಪು ತೆಗೆಯುವ ಧೈರ್ಯ ಯಾರಿಗೂ ಇರಲಿಲ್ಲ. ಹುರಿಯನ್ನು ಗಡಿಗೆಯ ಪಕ್ಕ ಇಳಿಬಿಟ್ಟು ತಳಕ್ಕೊಂದು, ಬಾಯಿಗೊಂದು ಗಂಟು ಹಾಕಿದ. ಗಂಟು ಹಾಕುವಾಗ ನನ್ನನ್ನು ಹತ್ತಿರ ಕರೆದು, ನೀನೇ ಹಿಡಿಯಬೇಕು ನಾಳೆ, ನಿನ್ನ ಕಣ್ಣು ಚುರುಕು, ಎಂದ. ನಾನು ಉಬ್ಬಿಹೋದೆ. ಪಡಸಾಲೆಯ ಕೆಲಸಕ್ಕೆ ನನ್ನನ್ನು ಕರೆದದ್ದು ಅದೇ ಮೊದಲು. ಕಿಂಡಿಯ ಈ ಕಡೆಯಿಂದ ಆ ಕಡೆಗೆ ಹೋದೆ ಎಂಬ ಸೊಕ್ಕು.

ಮರುದಿನ ಭಾನುವಾರ ಎಲ್ಲರೂ ಶೋರೂಮಿಗೆ ಹೋದೆವು. ಓಡಿಸಿಕೊಂಡು ಹೋದವಳು ಅವ್ವನೇ. ನಿನ್ನೆ ಅವಳಿಗೆ ಸಾವಕಾಶ ಎಂದು ಬೇಡಿಕೊಂಡಿದ್ದ ಸೇಲ್ಸ್‌ಮನ್ ಇವತ್ತು ಅವಳ ಗುರುತೇ ಇಲ್ಲದವನ ಹಾಗೆ ಮುತ್ಯಾನ ಕಾಲು ಮುಟ್ಟಲು ಬಗ್ಗಿದ. ಕೆಂಪು ಕಾರಿನ ಡಿಕ್ಕಿ ತೆರೆದರು. ಒಳಗೆ ತಳದಲ್ಲಿ ಹುರಿಯ ಒಂದು ಗಂಟನ್ನು ಕಾಕಾ ಒತ್ತಿ ಹಿಡಿದ. ಇನ್ನೊಂದು ನನ್ನ ಕೈಯಲ್ಲಿ. ತಪ್ಪಬಾರದು, ಮುತ್ಯಾ ಬೈಯಬಾರದು, ನೆಟ್ಟಗೆ ಹಿಡಿಯಬೇಕು ಎಂದು ನನ್ನ ಶಕ್ತಿಯನ್ನೆಲ್ಲ ಹಾಕಿ ಹುರಿಯನ್ನು ಬಿಗಿಯಾಗಿ ಎಳೆದೆ. ಗಂಟು ಡಿಕ್ಕಿಯ ಅಂಚಿಗಿಂತ ಎರಡು ಬೆರಳು ಮೇಲೆ ನಿಂತಿತು. ಅವ್ವ ಅಂಗಡಿಯ ಬಾಗಿಲ ಹತ್ತಿರ ನಿಂತಿದ್ದಳು. ನಾನು ಅವಳ ಕಡೆ ನೋಡಬಹುದಿತ್ತು. ನೋಡಲಿಲ್ಲ. ಗಟ್ಟಿ ದನಿಯಲ್ಲಿ, ಇಡೀ ಶೋರೂಮಿಗೆ ಕೇಳುವ ಹಾಗೆ ಕೂಗಿದೆ.

“ಹಿಡ್ಸಲ್ಲ ಮುತ್ಯಾ! ಎರಡ ಬಟ್ಟು ಹೆಚ್ಚಾಗ್ಯಾದ!”

ಮುತ್ಯಾ ನನ್ನ ತಲೆ ಸವರಿದ. ಬೂದು ವ್ಯಾಗನ್ನಿಗೆ ಅಲ್ಲೇ ಮಾತು ಕೊಟ್ಟರು. ಅಷ್ಟೇ ಅಲ್ಲ, ಹಳೆಯ ಕಾರನ್ನು ಅದಲುಬದಲಿಗೆ ಅಲ್ಲೇ ಬಿಟ್ಟುಬಿಡುವುದೆಂದೂ ಮಾತಾಯಿತು. ಭಾಲ್ಕಿಯ ಅಜ್ಜ ಮಗಳಿಗೆಂದು ಕೊಟ್ಟಿದ್ದ ಕಾರು ಅದು. ಅವ್ವ ಹೋಗಿ ಅದರ ಸೀಟಿನ ಮೇಲಿನ ಕೌದಿಯನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡಳು. ಮುತ್ಯಾ ಕೆಟ್ಟವನಾಗಿದ್ದರೆ ನನಗೆ ಬರೆಯುವುದು ಸುಲಭವಾಗುತ್ತಿತ್ತು. ಸಂತೆಯಿಂದ ನನಗೆಂದೇ ಬೆಂಡು ಬತ್ತಾಸು ತರುತ್ತಿದ್ದ, ಜ್ವರ ಬಂದರೆ ಹಣೆಯ ಮೇಲೆ ಕೈಯಿಟ್ಟು ಕೂರುತ್ತಿದ್ದ. ಅದೇ ಕೈಯಿಂದ ಅವ್ವನ ಕಾರು ಕಿತ್ತುಕೊಂಡ.

ಆಟೋ ಹಿಡಿದು ಮನೆಗೆ ಬಂದ ಮೇಲೆ ಗಡಿಗೆಯನ್ನು ಮತ್ತೆ ಅಟ್ಟಕ್ಕೆ ಇಡುವ ಕೆಲಸ ನನ್ನದಾಯಿತು. ಆಟಕ್ಕೆಂದು ಹುರಿಯನ್ನು ಇನ್ನೊಮ್ಮೆ ಗಡಿಗೆಯ ಪಕ್ಕ ಹಿಡಿದು, ಶೋರೂಮಿನಲ್ಲಿ ಎಳೆದ ಹಾಗೆಯೇ ಬಿಗಿಯಾಗಿ ಎಳೆದೆ. ಮೇಲಿನ ಗಂಟು ಗಡಿಗೆಯ ಬಾಯಿ ದಾಟಿ ಮೂರು ಬೆರಳು ಮೇಲೆ ಹೋಯಿತು. ಸಡಿಲ ಬಿಟ್ಟೆ, ಸರಿಯಾಗಿ ಬಾಯಿಗೆ ಬಂದು ಕೂತಿತು. ಉಣ್ಣೆಯ ಹುರಿ. ಎಳೆದರೆ ಹಿಗ್ಗುತ್ತದೆ. ಮುತ್ಯಾ ಗಂಟು ಹಾಕಿದ್ದು ಸಡಿಲ ಬಿಟ್ಟು, ನಾನು ಅಳೆದದ್ದು ಜಗ್ಗಿ. ಅಂದರೆ ಗಡಿಗೆ ಕೆಂಪು ಕಾರಿನಲ್ಲಿ ಹಿಡಿಸುತ್ತಿತ್ತು, ಮೇಲೆ ಒಂದು ಬೆರಳು ಜಾಗವೂ ಉಳಿಯುತ್ತಿತ್ತು. ನೇರ ಓಡಿ ಹೋದದ್ದು ಅಪ್ಪನ ಹತ್ತಿರ. ಅಂಗಳದಲ್ಲಿ ಪೇಪರ್ ಓದುತ್ತಿದ್ದ ಅವನ ಮುಂದೆ ಹುರಿ ಜಗ್ಗಿ ತೋರಿಸಿದೆ, ಬಿಟ್ಟು ತೋರಿಸಿದೆ. ಅವನಿಗೆ ಒಂದೇ ಸಲಕ್ಕೆ ಅರ್ಥವಾಯಿತು. ಅದೂ ನನಗೆ ನೆನಪಿದೆ, ಅರ್ಥವಾಗಲಿಲ್ಲವೆಂದು ಅವನು ಹೇಳುವಂತಿಲ್ಲ.

“ಅಪ್ಪಾ, ಮುತ್ಯಾಗ ಹೇಳ್ರಿ. ಇನ್ನಾ ಕಾರ್ ತಂದಿಲ್ಲಲ್ಲ.”

“ಸುಮ್ನಿರು. ಮಾತು ಕೊಟ್ಟಾಗ್ಯಾದ. ಹಿರೇರ ಅಳತಿ ತಪ್ಪು ಅಂತ ಹ್ಯಾಂಗ ಹೇಳ್ಲಿ? ನಿಮ್ಮವ್ವಗ ಭೀ ಹೇಳಬ್ಯಾಡ, ಸುಮ್ನ ಸಂಕಟ ಮಾಡ್ಕೋತಾಳ.”

ನಾನು ಹೇಳಲಿಲ್ಲ. ಅಪ್ಪ ಬೇಡವೆಂದ ಎಂಬುದೊಂದು ನೆಪ. ಹುರಿ ಜಗ್ಗಿದವಳು ನಾನು ಎಂದು ಅವ್ವನಿಗೆ ತಿಳಿಯಬಾರದೆಂಬುದು ನಿಜವಾದ ಕಾರಣ.

ಬೂದು ಕಾರು ಅಂಗಳಕ್ಕೆ ಬಂತು. ಕುಂಕುಮ ಹಚ್ಚಿ, ನಿಂಬೆಹಣ್ಣು ಗಾಲಿಗೆ ಕೊಟ್ಟು ಪೂಜೆ ಮಾಡಿದರು. ಚಾವಿಯನ್ನು ಮುತ್ಯಾ ಕಾಕಾನ ಕೈಗೆ ಕೊಟ್ಟ. ಕಾಕಾ ಅದನ್ನು ಗೋದಾಮಿನ ಕಡೆಯಿಂದ ಕರೆತಂದಿದ್ದ ಒಬ್ಬ ನಡುವಯಸ್ಸಿನ ಡ್ರೈವರನ ಕೈಗೆ ಕೊಟ್ಟ. ಹಳೆಯ ಕಾರು ಭಾಲ್ಕಿಯವರದು, ಭಾಲ್ಕಿಯ ಮಗಳು ಓಡಿಸಿದರೆ ಯಾರೂ ಕೇಳುವುದಿಲ್ಲ, ಇದು ನಮ್ಮ ಮನೆತನದ ಕಾರು, ಸೊಸೆ ಓಡಿಸಿ ಗಂಡಸರು ಹಿಂದೆ ಕೂತರೆ ಚಿಂತಾಕಿಯ ಮಂದಿ ಏನಂದಾರು, ಎಂದು ಮುತ್ಯಾ ವಿವರಿಸಿದ. ಇಷ್ಟು ವರ್ಷ ಗಂಡಸರು ಹಿಂದೆ ಕೂತೇ ಬಂದಿದ್ದರು, ಚಿಂತಾಕಿ ಜಾಗ ಬಿಟ್ಟು ಕದಲಿರಲಿಲ್ಲ.

“ವೈನಿ, ನಿಮಗೇ ಆರಾಮ ಅಲ್ಲೇನ್ರಿ?” ಅಂದ ಕಾಕಾ. “ನನ್ನ ಕೊಳಾರಕ ಬಿಟ್ಟು, ಆಮ್ಯಾಲ ನಿಮಗ ಔರಾದಿಗಿ ಬಿಡ್ತಾನ. ರಾಣಿ ಹಂಗ ಹಿಂದ ಕುಂಡ್ರಿ.”

ಕೊಳಾರ ಒಂದು ದಿಕ್ಕು, ಔರಾದ ಇನ್ನೊಂದು ದಿಕ್ಕು. ಪ್ರಾರ್ಥನೆಯ ಹೊತ್ತಿಗೆ ಮುಟ್ಟುವುದು ಸಾಧ್ಯವೇ ಇಲ್ಲ. ಅಕ್ಕಿ ಡಬ್ಬಿಯ ಕೆಳಗೆ ನೋಟಿಸು ಇದ್ದೇ ಇತ್ತು. ಅವ್ವ ಅಪ್ಪನ ಮುಖ ನೋಡಿದಳು. ಅಪ್ಪ ಹೊಸ ಕಾರಿನ ಗಾಜಿನ ಮೇಲೆ ಬೇವಿನ ಎಲೆ ಬಿದ್ದಿದ್ದನ್ನು ತೆಗೆಯುತ್ತಿದ್ದ. ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡು ಹೇಳಿದ್ದು ಒಂದೇ ಮಾತು.

“ಕಾರ್ ನೀವೇ ಇಟ್ಕೋರಿ. ನಾ ಬಸ್ಸಿಗಿ ಹೋಗ್ತೇನಿ.”

ಎರಡು ದಿನದ ಮುನಿಸು ಎಂದು ಎಲ್ಲರೂ ತಿಳಿದರು. ನಿವೃತ್ತಿಯ ತನಕ ಆಕೆ ಬಸ್ಸಿಗೇ ಹೋದಳು. ನಸುಕಿನಲ್ಲೇ ಎದ್ದು ರೊಟ್ಟಿ ಬಡಿದಿಟ್ಟು ಮೊದಲನೆಯ ಬಸ್ಸು ಹಿಡಿಯುತ್ತಿದ್ದಳು. ಎಷ್ಟೋ ದಿನ ಜನವಾಡದ ತನಕ ನಿಂತೇ ಹೋಗುತ್ತಿದ್ದಳು. ಹೆಡ್‌ಮಾಸ್ತರಿಕೆ ಉಳಿಸಿಕೊಂಡಳು, ಸೊಂಟ ಕಳೆದುಕೊಂಡಳು. ಆ ಬೂದು ಕಾರಿನಲ್ಲಿ ಒಂದು ದಿನವೂ ಕೂರಲಿಲ್ಲ, ಮದುವೆಗೂ ಇಲ್ಲ, ಮಣ್ಣಿಗೂ ಇಲ್ಲ. ಭಾಲ್ಕಿಯ ಅಜ್ಜ ತೀರಿಕೊಂಡ ದಿನ ಅಂಗಳದಲ್ಲಿ ಕಾರು ನಿಂತಿತ್ತು, ಡ್ರೈವರ್ ಬಾಗಿಲು ತೆರೆದು ನಿಂತಿದ್ದ. ಅವ್ವ ಅವನ ಪಕ್ಕದಿಂದಲೇ ಹಾದು ಬಸ್ ಸ್ಟ್ಯಾಂಡಿಗೆ ನಡೆದು ಹೋದಳು. ಅಂದು ನನಗೆ ಅವಳ ಮೇಲೂ ಸಿಟ್ಟು ಬಂದಿತ್ತು. ಇಷ್ಟು ಹಠ ಮಾಡುವವಳಿಗೆ ಒಂದು ಸಲ ಬಾಯಿ ತೆರೆದು ಜಗಳ ಆಡಲು ಏನಾಗಿತ್ತು?

ಮೊದಲ ಎಳ್ಳಮಾವಾಸ್ಯೆಗೆ ಗಡಿಗೆಯನ್ನು ವ್ಯಾಗನ್ನಿನ ಹಿಂದೆ ಮೆರವಣಿಗೆಯ ದೇವರ ಹಾಗೆ ಇಟ್ಟರು. ಸುತ್ತ ಜಾಗ ಬೇಕಾದಷ್ಟು ಇತ್ತು, ಆಸರೆಗೆ ಮಾತ್ರ ಏನೂ ಇರಲಿಲ್ಲ. ಚಿಂತಾಕಿಯ ಹೊಲದ ದಾರಿಗೆ ಇಳಿಯುವಲ್ಲಿ ಒಂದು ಕೊರಕಲು ಇದೆ. ಅವ್ವ ಅಲ್ಲಿ ಕಾರನ್ನು ಓರೆ ಮಾಡಿ ಒಂದೊಂದೇ ಗಾಲಿ ಇಳಿಸುತ್ತಿದ್ದಳು. ಡ್ರೈವರಿಗೆ ಅದು ಗೊತ್ತಿರಲಿಲ್ಲ, ನೇರ ಇಳಿಸಿದ. ಗಡಿಗೆ ಉರುಳಿ ಹುಳಿ ಅಂಬಲಿ ಸೀಟಿನ ಮೇಲಿಂದ ಹಾರಿ ಮುತ್ಯಾನ ಬೆನ್ನು, ಕಾಕಾನ ಕಾಲರು, ಅಪ್ಪನ ಪೇಪರು ಎಲ್ಲವನ್ನೂ ತೋಯಿಸಿತು. ಗಡಿಗೆಯ ಕುತ್ತಿಗೆ ಒಡೆಯಿತು. ಹೊಲಕ್ಕೆ ಅವ್ವ ಆಗಲೇ ಬಂದಿದ್ದಳು. ಬಸ್ಸಿಳಿದು, ಭಜ್ಜಿಯ ಪಾತ್ರೆ ತಲೆಯ ಮೇಲೆ ಹೊತ್ತು ನಡೆದು ಬಂದು, ಜೋಳದ ಸಾಲಿನ ನಡುವೆ ಕಂಬಳಿ ಹಾಸಿ ಕೂತಿದ್ದಳು. ಮೈಯೆಲ್ಲ ಹುಳಿ ನಾರುತ್ತ ಇಳಿದ ಮೂವರನ್ನೂ ನೋಡಿದಳು. ಈಗ ನಗುತ್ತಾಳೆ, ಈಗ ಅನ್ನುತ್ತಾಳೆ ಎಂದು ನಾನು ಕಾದೆ.

“ಕುಂಡ್ರಿ, ಊಟಾ ಮಾಡ್ರಿ,” ಅಂದಳು.

ಒಡೆದ ಗಡಿಗೆಯ ಬದಲಿಗೆ ಅದೇ ಅಳತೆಯ ಇನ್ನೊಂದು ಬಂತು. ಆ ಹುಳಿ ವಾಸನೆ ಮಾತ್ರ ಕಾರು ಮಾರುವ ತನಕವೂ ಹೋಗಲಿಲ್ಲ. ಎಷ್ಟು ಸೋಪು ಹಾಕಿ ತೊಳೆದರೂ ಬಿಸಿಲಿಗೆ ಕಾರು ನಿಂತರೆ ಅಂಗಳಕ್ಕೆಲ್ಲ ಬರುತ್ತಿತ್ತು. ನಾನು ಮೂಗು ಮುಚ್ಚಿಕೊಳ್ಳಲಿಲ್ಲ.

ಮುತ್ಯಾ, ಆಯಿ, ಅಪ್ಪ ಈಗ ಇಲ್ಲ. ಅವ್ವ ಬೀದರಿನಲ್ಲಿ ನಮ್ಮ ಜೊತೆ ಇದ್ದಾಳೆ. ನಾನು ಭಾಲ್ಕಿಯ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ, ದಿನಾಲು ಕಾರಿನಲ್ಲಿ ಹೋಗಿಬರುತ್ತೇನೆ. ಹೋದ ತಿಂಗಳು ನನ್ನ ಕಾರಿಗೂ ಮುಪ್ಪು ಬಂತು. ಗಂಡ ಒಳ್ಳೆಯವನು, ಆದರೂ ಹಿಂದೆ ಜಾಗ ಇರುವ ದೊಡ್ಡದು ತೊಗೊಳ್ಳೋಣ, ಹಬ್ಬಕ್ಕೆ ಹೊಲಕ್ಕೆ ಹೋಗಲು ಬರುತ್ತದೆ ಎಂದು ಊಟದ ಹೊತ್ತಿಗೆ ಅಂದುಬಿಟ್ಟ. ಕೈಯಲ್ಲಿದ್ದ ಸೌಟನ್ನು ನಾನು ಎಷ್ಟು ಜೋರಾಗಿ ಇಟ್ಟೆನೆಂದರೆ ಪಾಪ ಅವನು ಸಾರು ಕೇಳಲೂ ಹೆದರಿದ. ಮರುದಿನ ಅವ್ವನನ್ನು ಕರೆದುಕೊಂಡು ಶೋರೂಮಿಗೆ ಹೋದೆ. ಕೆಂಪು ಸೆಡಾನ್ ಒಂದು ಮುಂದೆಯೇ ನಿಂತಿತ್ತು, ಸ್ಪೋರ್ಟ್ಸ್ ಮಾಡೆಲ್. ಸೇಲ್ಸ್‌ಮನ್ ನನ್ನ ಹಿಂದೆ ಬಾಗಿಲ ಕಡೆ ನೋಡಿದ.

“ಸರ್ ಬರ್ತಾರೇನ್ರಿ ಮೇಡಂ?”

ಇಷ್ಟು ವರ್ಷದಲ್ಲಿ ಕಾರು ಬದಲಾಗಿದೆ, ಊರ ಸುತ್ತಿನ ರಸ್ತೆ ಬದಲಾಗಿದೆ, ಈ ಪ್ರಶ್ನೆ ಮಾತ್ರ ಹಾಗೇ ಇದೆ. ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡುವವಳಿದ್ದೆ. ಅಷ್ಟರಲ್ಲಿ ಅವ್ವ ಕಾರಿನ ಹಿಂದೆ ಹೋಗಿ ಡಿಕ್ಕಿ ತೆರೆಸಿ ಒಳಗೆ ಬಗ್ಗಿ ನೋಡುತ್ತಿದ್ದಳು.

“ಸುಮ್ಮಿ, ಗಡಿಗಿ ಹಿಡಿಸ್ತದೇನು ಇದರಾಗ?”

ಚೇಷ್ಟೆಗೆ ಕೇಳಿದಳೋ, ನಿಜವಾಗಿಯೋ, ಗೊತ್ತಾಗಲಿಲ್ಲ. ಅಲ್ಲೇ, ತೆರೆದ ಡಿಕ್ಕಿಯ ಮುಂದೆ, ಸೇಲ್ಸ್‌ಮನ್ ಕೇಳುತ್ತಿದ್ದರೂ ಲೆಕ್ಕಿಸದೆ ಎಲ್ಲ ಹೇಳಿದೆ. ಉಣ್ಣೆ ಹುರಿ, ನಾನು ಜಗ್ಗಿದ್ದು, ಮನೆಯಲ್ಲಿ ಮತ್ತೆ ಅಳೆದದ್ದು, ಅಪ್ಪ ಸುಮ್ಮನಿರು ಅಂದದ್ದು. ಅವ್ವ ನೆಟ್ಟಗೆ ನಿಂತಳು. ಸೊಂಟದ ನೋವು ಬಂದ ಮೇಲೆ ಅವಳು ಅಷ್ಟು ನೆಟ್ಟಗೆ ನಿಂತದ್ದನ್ನು ನಾನು ನೋಡಿರಲಿಲ್ಲ.

“ಕೆಂಪ ಕಾರಿನ್ಯಾಗ ಹಿಡಿಸ್ತಿತ್ತೇನು?”

“ಹಿಡಿಸ್ತಿತ್ತವ್ವ.”

“ನಿಮ್ಮಪ್ಪಗ ಗೊತ್ತಿತ್ತು.”

“ಗೊತ್ತಿತ್ತು.”

“ನಿನಗೂ ಗೊತ್ತಿತ್ತು.”

ನಾನು ತಲೆ ತಗ್ಗಿಸಿದೆ. ಅವಳ ಮುಖ ಕೆಂಪಾಯಿತು, ಮೂಗಿನ ಹೊಳ್ಳೆ ಅರಳಿತು. ನನ್ನ ಅವ್ವ ಸಿಟ್ಟಾದದ್ದನ್ನು, ಬಾಯಿ ತೆರೆದು ಸಿಟ್ಟಾದದ್ದನ್ನು, ನಾನು ಜೀವಮಾನದಲ್ಲಿ ಮೊದಲ ಸಲ ನೋಡಿದೆ.

“ಅಳತಿ ಮಾಡಿ ನ್ಯಾಯ ಮಾಡ್ಯಾರ, ಗಡಿಗಿ ಹಿಡಿಸಿಲ್ಲ, ಏನ್ ಮಾಡ್ಲಿಕ್ಕಾಗ್ತದ ಅಂತ ಇಷ್ಟ ವರ್ಷ ಬಾಯಿ ಮುಚ್ಕೊಂಡಿದ್ದೆ! ಹಿಡಿಸ್ತಿತ್ತು ಅಂತ ಗೊತ್ತಿದ್ರ ಆ ಪಡಸಾಲಿ ಹಾರಸ್ತಿದ್ದೆ ನಾನು! ಬಸ್ಸಿನ್ಯಾಗ ನಿಂತ ನಿಂತ ನನ್ನ ಸೊಂಟಾ ಹೋಯ್ತಲ್ಲೇ!”

ಶೋರೂಮಿನ ಜನರೆಲ್ಲ ತಿರುಗಿ ನೋಡಿದರು. ಅವ್ವ ಅವರ ಕಡೆ ನೋಡಲಿಲ್ಲ. ಸೇಲ್ಸ್‌ಮನ್ ಕಡೆ ಕೈ ಚಾಚಿ ಚಾವಿ ಅಂದಳು. ಅವನು ವಯಸ್ಸು ನೋಡಿ ಲೈಸನ್ಸ್ ಇದೆಯೇ ಎಂದು ತೊದಲಿದ. ಅವ್ವ ಬ್ಯಾಗಿನಿಂದ ಲೈಸನ್ಸ್ ತೆಗೆದು ಅವನ ಮುಂದೆ ಹಿಡಿದಳು. ನಾನು ನೋಡಿದೆ, ಅವಧಿ ಮುಗಿದಿರಲಿಲ್ಲ. ಒಂದು ದಿನವೂ ಸ್ಟೇರಿಂಗ್ ಮುಟ್ಟದೆ, ಯಾರಿಗೂ ಹೇಳದೆ, ಇಷ್ಟು ವರ್ಷವೂ ಅದನ್ನು ರಿನ್ಯೂ ಮಾಡಿಸುತ್ತಲೇ ಬಂದಿದ್ದಳು.

ಅವಳು ಮುಂದೆ ಕೂತಳು, ನಾನು ಪಕ್ಕದಲ್ಲಿ. ಸೀಟಿನ ಪಕ್ಕ ಕೈಯಾಡಿಸಿ ಲಿವರ್ ಹುಡುಕಿ ಎಳೆದಳು, ಗದ್ದ ಸ್ಟೇರಿಂಗಿನ ಮೇಲೆ ಬರುವ ತನಕ ಎಳೆದಳು. ಅವಳನ್ನು ಸಮಾಧಾನ ಮಾಡಲು ನಾನು ಹೇಳಿದೆ.

“ಡಿಕ್ಕಿ ಚಿಂತಿ ಬಿಡವ್ವ. ಈ ಸಲ ಎಳ್ಳಮಾಸಿಗಿ ಗಡಿಗಿ ನನ್ನ ತೊಡಿ ಮ್ಯಾಲ ಇಟ್ಕೋತೇನಿ. ನೀ ಓಡಸು.”

ಅವ್ವ ನನ್ನ ಕಡೆ ತಿರುಗಿದಳು. ಸಿಟ್ಟು ಇನ್ನೂ ಆರಿರಲಿಲ್ಲ.

“ಆವತ್ತ ಎಲ್ಲಿತ್ತು ಈ ತೊಡಿ?” ಅಂದಳು, ಗೇರು ಹಾಕಿದಳು.